ದಾಸವಾಳದ ಚಹ: ಗುಣವೆಷ್ಟು, ಗುಲ್ಲೆಷ್ಟು?

ತಿರುಮಕೂಡಲು ನರಸೀಪುರದಲ್ಲಿರುವ ನಮ್ಮ ಅಕ್ಕನ ಮನೆಗೆ ಹೋದಾಗಲೆಲ್ಲ ಮೊದಲು ಕೈಗೆ ಬರುತ್ತಿದ್ದುದು ಒಂದು ಲೋಟ ಕಾಫಿ. ಈಚೆಗೆ ಹೋದಾಗ ಕಾಫಿಯ ಬದಲು ನೀಲಿ ಬೆರೆತ ನೇರಳೆ ಬಣ್ಣದ ಬಿಸಿನೀರು ಬಂತು. "ದಾಸವಾಳದ ಟೀ ಕಣಯ್ಯಾ, ಕುಡಿ. ಬಿ.ಪಿ.ಗೆ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ" ಎಂದರು ಭಾವನವರು. ಹಿತ್ತಿಲಿನ ಕೆಂಪು ದಾಸವಾಳದ ಎರಡು ಹೂಗಳನ್ನು ಬೆಳಿಗ್ಗೆ ಬಿಸಿನೀರಿನಲ್ಲಿ ನೆನೆಹಾಕಿ ಕುಡಿಯುವುದು ಅವರ ಹೊಸ ಅಭ್ಯಾಸ. ಅಡುಗೆಮನೆಯಿಂದ ಅಕ್ಕ ಇನ್ನೊಂದು ಸಂಗತಿ ಸೇರಿಸಿದಳು: "ಮಾತ್ರೆ ಬಿಟ್ಟು ಆರು ವಾರ ಆಯ್ತು. ನಾನು ಹೇಳಿದ್ರೆ ಕೇಳಲ್ಲ, ನೀನಾದ್ರೂ ಹೇಳು."

ಇದರ ಮೂಲ ನಂಜನಗೂಡು. ಶ್ರೀಕಂಠೇಶ್ವರನ ದರ್ಶನಕ್ಕೆ ಹೋಗಿದ್ದಾಗ ಭಾವನವರು ಅಂಗಡಿಯೊಂದರಲ್ಲಿ ದಾಸವಾಳದ ಚಹದ ಪೊಟ್ಟಣವೊಂದನ್ನು ಕೊಂಡಿದ್ದರು. ಪೊಟ್ಟಣದ ಮೇಲೆ ಕೆಂಪು ದಾಸವಾಳದ ದೊಡ್ಡ ಚಿತ್ರ, ಒಳಗೊಂದು ಕರಪತ್ರ. ಪೊಟ್ಟಣ ಮುಗಿದ ಮೇಲೆ, "ಇದೇ ಹೂವು ಹಿತ್ತಿಲಲ್ಲೇ ಇರುವಾಗ ದುಡ್ಡು ಕೊಡುವುದೇಕೆ?" ಎಂದು ಅವರು ಯೋಚಿಸಿದ್ದು ಸಹಜವೇ. ಕರಪತ್ರವನ್ನು ಮಾತ್ರ ಜೋಪಾನವಾಗಿ ಇಟ್ಟಿದ್ದರು. ಅದರಲ್ಲಿ ನಾಲ್ಕು ಹೇಳಿಕೆಗಳಿದ್ದವು: ದಾಸವಾಳದ ಚಹ ರಕ್ತದೊತ್ತಡವನ್ನು ಇಳಿಸುತ್ತದೆಂದು ಅಮೆರಿಕದಲ್ಲಿ ಸಾಬೀತಾಗಿದೆ, ಅದು ಬಿ.ಪಿ. ಮಾತ್ರೆಗೆ ಸಮಾನ, ಕೊಬ್ಬನ್ನೂ ಸಕ್ಕರೆಯನ್ನೂ ಕರಗಿಸುತ್ತದೆ, ನೈಸರ್ಗಿಕವಾದುದರಿಂದ ಯಾವ ಅಡ್ಡಪರಿಣಾಮವೂ ಇಲ್ಲ.

ನಂಜನಗೂಡಿನಲ್ಲಿ ಕೊಂಡ ಔಷಧಿಯ ಮೇಲೆ ನಮ್ಮ ಕಡೆಯವರಿಗೆ ಒಂದು ಹಿಡಿ ನಂಬಿಕೆ ಹೆಚ್ಚು. ಪಟ್ಟದಾನೆಯ ಕಣ್ಣಿನ ಬೇನೆ ವಾಸಿಯಾಯಿತೆಂದು ಟಿಪ್ಪು ಸುಲ್ತಾನ್ ಇಲ್ಲಿಯ ದೇವರನ್ನು 'ಹಕೀಂ ನಂಜುಂಡ' ಎಂದು ಕರೆದನೆಂಬ ಐತಿಹ್ಯವಿದೆ. 1913ರಲ್ಲಿ ಆರಂಭವಾದ ಸದ್ವೈದ್ಯಶಾಲೆಯಿಂದಾಗಿ ಊರಿನ ಹೆಸರು ಹಲ್ಲುಪುಡಿಯೊಂದಿಗೆ ಮನೆಮನೆಗೂ ತಲುಪಿದೆ. ಆದರೆ ಊರಿನ ಹೆಸರು ಹೇಳಿಕೆಯೊಂದಕ್ಕೆ ಸಾಕ್ಷ್ಯವಾಗಲಾರದು. ಕರಪತ್ರದ ನಾಲ್ಕೂ ಮಾತುಗಳನ್ನು ಒಂದೊಂದಾಗಿ ಒರೆಗೆ ಹಚ್ಚುವುದು ಈ ಲೇಖನದ ಉದ್ದೇಶ. ನಾನು ವೈದ್ಯನಲ್ಲ, ಭೌತವಿಜ್ಞಾನದ ಅಧ್ಯಾಪಕ. ಅಳತೆಯ ವಿಷಯದಲ್ಲಿ ಮಾತ್ರ ಅಧಿಕಾರದಿಂದ ಮಾತನಾಡಬಲ್ಲೆ. ಈ ಪ್ರಕರಣದಲ್ಲಿ ಅಳತೆಯೇ ಮುಖ್ಯ ಸಂಗತಿ ಎಂಬುದು ಮುಂದೆ ತಿಳಿಯುತ್ತದೆ.

ಹೆಸರು ಒಂದು, ಗಿಡ ಎರಡು

ಪೊಟ್ಟಣದ ತಳದಲ್ಲಿ ಒಂದು ಚಿಟಿಕೆಯಷ್ಟು ಸರಕು ಉಳಿದಿತ್ತು. ಕಡುಗೆಂಪು ಬಣ್ಣದ, ಗಟ್ಟಿಯಾದ, ಸುರುಟಿಕೊಂಡ ಚೂರುಗಳು. ಒಂದನ್ನು ಬಾಯಿಗೆ ಹಾಕಿಕೊಂಡೆ. ಹುಣಿಸೆಯಂಥ ಹುಳಿ. ದಾಸವಾಳದ ಎಸಳು ಒಣಗಿದರೆ ಕಾಗದದಂತೆ ತೆಳುವಾಗುತ್ತದೆ, ಅದಕ್ಕೆ ಅಂಥ ಹುಳಿಯಿರುವುದಿಲ್ಲ. ಪೊಟ್ಟಣದ ಮೇಲಿದ್ದ ಹೂವು ಒಂದು, ಒಳಗಿದ್ದ ಸರಕು ಇನ್ನೊಂದು!

ಜಗತ್ತಿನ ಮಾರುಕಟ್ಟೆಯಲ್ಲಿ 'ಹೈಬಿಸ್ಕಸ್ ಟೀ' ಎಂದು ಮಾರಾಟವಾಗುವುದು ಹೈಬಿಸ್ಕಸ್ ಸಬ್ದಾರಿಫ ಎಂಬ ಸಸ್ಯದ ಭಾಗ. ಇದು ಉತ್ತರ ಕರ್ನಾಟಕದವರು ರೊಟ್ಟಿಯೊಡನೆ ಉಣ್ಣುವ ಪುಂಡಿಪಲ್ಯದ ಬಳಗದ್ದು. ಮೈಸೂರು ಕಡೆಯವರಿಗೆ ಆಂಧ್ರದ ಗೊಂಗುರ ಎಂದರೆ ಬೇಗ ಗುರುತು ಸಿಕ್ಕೀತು. ಚಹಕ್ಕೆ ಬಳಸುವುದು ಅದರ ಹೂವಿನ ಎಸಳುಗಳನ್ನಲ್ಲ. ಎಸಳುಗಳು ಉದುರಿದ ಮೇಲೆ ಕಾಯಿಯ ಸುತ್ತ ಉಳಿದು, ದಪ್ಪವಾಗಿ, ಕೆಂಪಾಗಿ ಬೆಳೆಯುವ ಬಟ್ಟಲಿನಂಥ ಪುಷ್ಪಪತ್ರಗಳನ್ನು. ಸುಡಾನ್ ಮತ್ತು ಈಜಿಪ್ಟ್‌ಗಳಲ್ಲಿ 'ಕರ್ಕಡೆ', ಪಶ್ಚಿಮ ಆಫ್ರಿಕದಲ್ಲಿ 'ಬಿಸ್ಸಾಪ್' ಎಂಬ ಹೆಸರಿನಲ್ಲಿ ಜನ ಇದನ್ನು ಬಹುಕಾಲದಿಂದ ಕುಡಿಯುತ್ತಿದ್ದಾರೆ.

ನಮ್ಮ ಹಿತ್ತಿಲಿನ ದಾಸವಾಳ ಹೈಬಿಸ್ಕಸ್ ರೋಸಾ-ಸೈನೆನ್ಸಿಸ್. ಗಣಪತಿಯ ಪೂಜೆಗೆ ಬೇಕಾದ ಹೂವು, ತಲೆಗೆ ತಿಕ್ಕುವ ಲೋಳೆಗೆ ಬೇಕಾದ ಸೊಪ್ಪು ಇದರದ್ದು. ಎರಡೂ ಒಂದೇ ಕುಲಕ್ಕೆ ಸೇರಿದರೂ ಪ್ರಭೇದಗಳು ಬೇರೆ. ಬದನೆ, ಆಲೂಗಡ್ಡೆಗಳೆರಡೂ ಸೊಲಾನಮ್ ಕುಲದವೇ. ಆದರೆ ಆಲೂಗಡ್ಡೆಯ ಮೇಲೆ ನಡೆದ ಪ್ರಯೋಗದ ಫಲಿತಾಂಶವನ್ನು ಬದನೆಕಾಯಿಗೆ ಅಂಟಿಸಿದರೆ ಯಾರೂ ಒಪ್ಪುವುದಿಲ್ಲ. ದಾಸವಾಳದ ವಿಷಯದಲ್ಲಿ ನಡೆದಿರುವುದು ಇದೇ. ರಕ್ತದೊತ್ತಡದ ಬಗ್ಗೆ ಮನುಷ್ಯರ ಮೇಲೆ ನಡೆದಿರುವ, ಮೇಲಿಂದ ಮೇಲೆ ಉಲ್ಲೇಖಗೊಳ್ಳುವ ಪ್ರಯೋಗಗಳೆಲ್ಲ ಪುಂಡಿ ಜಾತಿಯ ಪುಷ್ಪಪತ್ರಗಳವು. ಹಿತ್ತಿಲ ದಾಸವಾಳದ ಬಗೆಗಿನ ಕೆಲಸದಲ್ಲಿ ಬಹುಪಾಲು ಗಾಜಿನ ನಳಿಕೆಯಲ್ಲಿ ಅಥವಾ ಇಲಿಗಳ ಮೇಲೆ ನಡೆದದ್ದು. ಹೀಗಾಗಿ ಭಾವನವರು ಕುಡಿಯುತ್ತಿದ್ದ ಕಷಾಯಕ್ಕೂ ಕರಪತ್ರದ 'ಅಮೆರಿಕದ ಸಂಶೋಧನೆ'ಗೂ ಸಂಬಂಧವೇ ಇರಲಿಲ್ಲ.

ಒಲೆಯ ಪಕ್ಕದ ಪರೀಕ್ಷೆ

ಈ ಎರಡನ್ನು ಬೇರ್ಪಡಿಸಲು ಪ್ರಯೋಗಾಲಯ ಬೇಕಿಲ್ಲ. ನೀವೇ ಮಾಡಿ ನೋಡಬಹುದು. ಒಂದು ಗಾಜಿನ ಲೋಟದಲ್ಲಿ ಪೊಟ್ಟಣದ ಚೂರುಗಳನ್ನೂ ಇನ್ನೊಂದರಲ್ಲಿ ದಾಸವಾಳದ ಎಸಳುಗಳನ್ನೂ ಹಾಕಿ ಬಿಸಿನೀರು ಸುರಿಯಿರಿ. ಮೊದಲನೆಯದು ತಾನಾಗಿಯೇ ಮಾಣಿಕ್ಯದಂತೆ ಕೆಂಪಾಗುತ್ತದೆ. ಎರಡನೆಯದು ನೇರಳೆ ಇಲ್ಲವೇ ನೀಲಿಯ ಕಡೆಗೆ ವಾಲುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಇನ್ನಷ್ಟು ಮಂಕಾದ ನೀಲಿ. ಎರಡನೆಯ ಲೋಟಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಅದೂ ಕೆಂಪಾಗುತ್ತದೆ. ಚಿಟಿಕೆ ಅಡುಗೆ ಸೋಡ ಹಾಕಿದರೆ ಹಸಿರಿಗೆ ತಿರುಗುತ್ತದೆ. ಏಳನೆಯ ತರಗತಿಯ ಮಕ್ಕಳು ಆಮ್ಲ-ಪ್ರತ್ಯಾಮ್ಲಗಳ ಪಾಠದಲ್ಲಿ ದಾಸವಾಳವನ್ನು ಸೂಚಕವಾಗಿ ಬಳಸುವುದು ಇದೇ ಗುಣದಿಂದ.

ಎರಡರಲ್ಲಿಯೂ ಬಣ್ಣ ಕೊಡುವುದು ಆಂಥೊಸಯನಿನ್ ಎಂಬ ಗುಂಪಿನ ಸಂಯುಕ್ತಗಳು. ಆದರೆ ಅವುಗಳ ರಚನೆ ಒಂದೇ ಅಲ್ಲ. ಪುಂಡಿಯ ಪುಷ್ಪಪತ್ರದಲ್ಲಿ ಡೆಲ್ಫಿನಿಡಿನ್ ಮೂಲದವು ಪ್ರಧಾನ, ಕೆಂಪು ದಾಸವಾಳದ ಎಸಳಿನಲ್ಲಿ ಸಯನಿಡಿನ್ ಮೂಲದವು ಪ್ರಧಾನ. ಅದಕ್ಕಿಂತ ದೊಡ್ಡ ವ್ಯತ್ಯಾಸ ಆಮ್ಲಗಳದ್ದು. ಪುಂಡಿಯಲ್ಲಿ ಸಿಟ್ರಿಕ್, ಮ್ಯಾಲಿಕ್ ಮತ್ತು ಹೈಬಿಸ್ಕಸ್ ಆಮ್ಲಗಳು ಹೇರಳವಾಗಿರುವುದರಿಂದ ಅದರ ಕಷಾಯ ತನ್ನ ಹುಳಿಯಿಂದಲೇ ಕೆಂಪಾಗಿರುತ್ತದೆ. ದಾಸವಾಳದ ನೀರಿಗೆ ನಿಂಬೆ ಹಿಂಡಿ ಕೆಂಪು ಮಾಡಿದರೆ ಬಣ್ಣ ಬಂದೀತು, ಪುಂಡಿಯ ಅಂಶಗಳು ಬಾರವು. ಅಕ್ಕನ ಅಡುಗೆಮನೆಯಲ್ಲಿ ಎರಡು ಲೋಟಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದಾಗ ಭಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಸರಿ, ಹಾಗಾದ್ರೆ ಆ ಪೊಟ್ಟಣವನ್ನೇ ತರಿಸ್ತೀನಿ" ಎಂದರು. ಆದ್ದರಿಂದ ಪೊಟ್ಟಣದ ಪರವಾಗಿರುವ ಸಾಕ್ಷ್ಯವನ್ನೂ ನೋಡಲೇಬೇಕು.

ಏಳು ಮಿಲಿಮೀಟರ್ ಎಂದರೆ ಎಷ್ಟು?

ಅಮೆರಿಕದ ಸಂಶೋಧನೆ ಎಂಬುದು ಸುಳ್ಳಲ್ಲ. ಬೋಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದ ಡಯೇನ್ ಮೆಕೇ ಮತ್ತು ಸಂಗಡಿಗರು 2010ರಲ್ಲಿ ಅದನ್ನು ಪ್ರಕಟಿಸಿದರು. 30ರಿಂದ 70 ವರ್ಷದ 65 ಜನ ಭಾಗವಹಿಸಿದ್ದರು. ಅವರ ರಕ್ತದೊತ್ತಡ ಅಲ್ಪಸ್ವಲ್ಪ ಹೆಚ್ಚಿತ್ತು, ಅದಕ್ಕೆ ಯಾರೂ ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ. ಅರ್ಧದಷ್ಟು ಜನರಿಗೆ ದಿನಕ್ಕೆ ಮೂರು ಬಾರಿ, ಪ್ರತಿ ಬಾರಿ 240 ಮಿಲಿಲೀಟರಿನಂತೆ ಪುಂಡಿಯ ಚಹ. ಉಳಿದವರಿಗೆ ಅದರ ರುಚಿ, ಬಣ್ಣಗಳನ್ನು ಹೋಲುವ ಹುಸಿಪಾನೀಯ. ಆರು ವಾರಗಳ ಬಳಿಕ ಚಹ ಕುಡಿದವರಲ್ಲಿ ಹೃದಯ ಸಂಕುಚಿಸಿದಾಗಿನ ಒತ್ತಡ, ಅಂದರೆ ಮೇಲಿನ ಸಂಖ್ಯೆ, ಸರಾಸರಿ 7.2 ಮಿಲಿಮೀಟರ್ ಪಾದರಸದಷ್ಟು ಇಳಿದಿತ್ತು. ಹುಸಿಪಾನೀಯದವರಲ್ಲಿ 1.3. ಕೆಳಗಿನ ಸಂಖ್ಯೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಚಹದ ನಿಜವಾದ ಪಾಲು 7.2 ಅಲ್ಲ, 7.2ರಿಂದ 1.3 ಕಳೆದು ಉಳಿಯುವ 5.9. ಏನೂ ಇಲ್ಲದ ಪಾನೀಯ ಕುಡಿದವರಲ್ಲೂ ಒತ್ತಡ ಕೊಂಚ ಇಳಿಯುವುದೇಕೆಂದರೆ, ನಾವು ಸಾಮಾನ್ಯವಾಗಿ ಔಷಧಿ ಹುಡುಕುವುದು ಒತ್ತಡ ಏರಿದ ದಿನಗಳಲ್ಲಿ. ಏರಿದ್ದು ಏನೂ ಮಾಡದಿದ್ದರೂ ತನ್ನ ಸರಾಸರಿಯ ಕಡೆಗೆ ಮರಳುತ್ತದೆ. ಅದರ ಕೀರ್ತಿ ಆಗ ಕೈಯಲ್ಲಿದ್ದ ಲೋಟಕ್ಕೆ ಸಲ್ಲುತ್ತದೆ.

ಇನ್ನು ಏಳು ಮಿಲಿಮೀಟರಿನ ಗಾತ್ರ. ಪಾದರಸ ನೀರಿಗಿಂತ 13.6 ಪಟ್ಟು ಸಾಂದ್ರ. ಆದ್ದರಿಂದ 7 ಮಿಲಿಮೀಟರ್ ಪಾದರಸವೆಂದರೆ ಸುಮಾರು 95 ಮಿಲಿಮೀಟರ್ ನೀರು. ರಕ್ತ ನೀರಿಗಿಂತ ತುಸು ಸಾಂದ್ರವಾದ್ದರಿಂದ ಸುಮಾರು 9 ಸೆಂಟಿಮೀಟರ್ ಎತ್ತರದ ರಕ್ತಸ್ತಂಭ. ಇದರ ಅರ್ಥವೇನು? ಒತ್ತಡ ನೋಡುವಾಗ ತೋಳಿನ ಪಟ್ಟಿ ಹೃದಯದ ಮಟ್ಟಕ್ಕಿಂತ 9 ಸೆಂಟಿಮೀಟರ್ ಕೆಳಗಿದ್ದರೆ ಯಂತ್ರ 7 ಮಿಲಿಮೀಟರ್ ಹೆಚ್ಚು ತೋರಿಸುತ್ತದೆ. ಮೇಲಿದ್ದರೆ ಅಷ್ಟೇ ಕಡಿಮೆ. ಒಂದು ದಿಂಬು ಇಡುವುದರಿಂದ, ತೆಗೆಯುವುದರಿಂದ ಆರು ವಾರದ ಚಹದಷ್ಟು 'ಪರಿಣಾಮ' ಪಡೆಯಬಹುದು! ಮೆಟ್ಟಿಲು ಹತ್ತಿಬಂದ ಕೂಡಲೆ ನೋಡಿದರೆ, ಕಾಫಿ ಕುಡಿದು ನೋಡಿದರೆ, ಮಾತನಾಡುತ್ತ ನೋಡಿದರೆ ಆಗುವ ಏರಿಕೆ ಬೇರೆ.

ತಿ. ನರಸೀಪುರದವರಿಗೆ ಸಣ್ಣ ವ್ಯತ್ಯಾಸದ ಬೆಲೆಯನ್ನು ಹೊಸದಾಗಿ ಹೇಳಬೇಕಿಲ್ಲ. ನಂಜನಗೂಡನ್ನು ದಾಟಿ ಬರುವ ಕಪಿಲೆ ಕಾವೇರಿಯನ್ನು ಸೇರುವ ಈ ಕ್ಷೇತ್ರದ ಪುಣ್ಯ ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಎಂಬುದು ಇಲ್ಲಿಯ ಸ್ಥಳಪುರಾಣ. ಅದರಿಂದಲೇ ದೇವರ ಹೆಸರು ಗುಂಜಾನರಸಿಂಹ. ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಗುಲಗಂಜಿಯ ತೂಕ ಸುಮಾರು 0.12 ಗ್ರಾಂ. ಪುಣ್ಯದ ತಕ್ಕಡಿಯ ವಿಷಯ ನನಗೆ ತಿಳಿಯದು. ಆದರೆ ಲೋಕದ ವಸ್ತುಗಳಲ್ಲಿ ಗುಲಗಂಜಿಯಷ್ಟು ವ್ಯತ್ಯಾಸವನ್ನು ಕಾಣಬೇಕಾದರೆ ಅಕ್ಕಸಾಲಿಗನ ತ್ರಾಸು ಬೇಕು, ತರಕಾರಿ ತಕ್ಕಡಿ ಸಾಲದು. ಮನೆಯಲ್ಲಿ ಬಿ.ಪಿ. ಯಂತ್ರವನ್ನು ಹೇಗೆಂದರೆ ಹಾಗೆ ಬಳಸಿ ಚಹದ ಗುಣವನ್ನು ಅಳೆಯಹೊರಡುವುದು ತರಕಾರಿ ತಕ್ಕಡಿಯಲ್ಲಿ ಗುಲಗಂಜಿ ತೂಗಿದಂತೆ.

ಸರಾಸರಿ ಮತ್ತು ಒಬ್ಬ ಮನುಷ್ಯ

"ನನಗೆ ಇಳಿದಿದೆಯಲ್ಲಯ್ಯಾ, ಬರೆದಿಟ್ಟಿದೀನಿ" ಎಂದು ಭಾವನವರು ನೋಟುಪುಸ್ತಕ ತೆಗೆದರು. ಪ್ರತಿದಿನ ಒಂದೊಂದು ಸಂಖ್ಯೆ. ಕೇಳಿದಾಗ ತಿಳಿದದ್ದು: ದಿನವೂ ಮೂರು ಸಲ ನೋಡುವುದು, ಅತಿ ಕಡಿಮೆ ಬಂದದ್ದನ್ನು ಬರೆಯುವುದು! ಇದರಲ್ಲಿ ಮೋಸದ ಉದ್ದೇಶವಿಲ್ಲ. "ಮೊದಲನೇದು ಸರಿಯಾಗಿ ಬಂದಿರಲ್ಲ" ಎಂಬುದು ಅವರ ಪ್ರಾಮಾಣಿಕ ನಂಬಿಕೆ. ನನ್ನ ಪ್ರಯೋಗಶಾಲೆಯಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆ 9.8 ಬರುವ ತನಕ ಲೋಲಕವನ್ನು ಆಡಿಸಿ, ಉಳಿದ ಓದುಗಳನ್ನು ರಬ್ಬರಿನಿಂದ ಅಳಿಸುವ ವಿದ್ಯಾರ್ಥಿಗಳನ್ನು ಮೂರು ದಶಕಗಳಿಂದ ನೋಡುತ್ತಿದ್ದೇನೆ. ಬೇಕಾದ ಉತ್ತರ ಮೊದಲೇ ಗೊತ್ತಿದ್ದರೆ ಕಣ್ಣು ಅದನ್ನೇ ಹುಡುಕುತ್ತದೆ. ಟಫ್ಟ್ಸ್ ಪ್ರಯೋಗದಲ್ಲಿ ಹುಸಿಪಾನೀಯ ಬೇಕಾದದ್ದು ಈ ಕಾರಣಕ್ಕೇ.

ಆ ಪ್ರಯೋಗದ ಇನ್ನೊಂದು ಅಂಕಿಯನ್ನು ಕರಪತ್ರಗಳು ಎಂದೂ ಮುದ್ರಿಸುವುದಿಲ್ಲ. ಚಹದ ಗುಂಪಿನ ಇಳಿಕೆ 7.2 ಆದರೆ ಅದರ ಮಾನಕ ವಿಚಲನೆ 11.4. ಅಂದರೆ ಒಬ್ಬರಿಂದ ಒಬ್ಬರಿಗೆ ಫಲಿತಾಂಶ ಬಹಳ ಹರಡಿಕೊಂಡಿತ್ತು. ಹುಸಿಪಾನೀಯದ ಗುಂಪಿನಲ್ಲಿ ಮಾನಕ ವಿಚಲನೆ 10.0. ಈ ಹರಡಿಕೆ ಗಂಟೆಯಾಕಾರದ ವಕ್ರರೇಖೆಯನ್ನು ಅನುಸರಿಸುತ್ತದೆಂದು ಭಾವಿಸಿ ನಾನು ಲೆಕ್ಕ ಹಾಕಿದೆ. ಚಹ ಕುಡಿದ ನಾಲ್ವರಲ್ಲಿ ಒಬ್ಬರಿಗೆ ಒತ್ತಡ ಇಳಿಯುವ ಬದಲು ಏರಿರಬೇಕು. ಹುಸಿಪಾನೀಯ ಕುಡಿದ ನಾಲ್ವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಜನರಿಗೆ 7 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಇಳಿದಿರಬೇಕು. ಇದು ನನ್ನ ಅಂದಾಜು, ಪ್ರಯೋಗ ಮಾಡಿದವರ ಹೇಳಿಕೆಯಲ್ಲ. ಆದರೆ ತಾತ್ಪರ್ಯ ಸ್ಪಷ್ಟ. ಗುಂಪಿನ ಸರಾಸರಿ ನಿಜವಾಗಿದ್ದರೂ, 'ನನಗೆ ಇಳಿಯಿತು' ಎಂಬ ಒಬ್ಬರ ಅನುಭವದಿಂದ ಚಹದ ಗುಣ ಸಿದ್ಧವಾಗುವುದಿಲ್ಲ.

ಹಾಗೆಂದು ಸರಾಸರಿಯನ್ನು ತಳ್ಳಿಹಾಕುವುದೂ ತಪ್ಪು. 2015ರಲ್ಲಿ ಐದು ಪ್ರಯೋಗಗಳ 390 ಜನರ ಮಾಹಿತಿಯನ್ನು ಒಟ್ಟುಗೂಡಿಸಿದಾಗಲೂ ಮೇಲಿನ ಸಂಖ್ಯೆಯಲ್ಲಿ ಸುಮಾರು 7.6 ಮಿಲಿಮೀಟರಿನ ಇಳಿಕೆ ಕಂಡಿತು. ಔಷಧಿಗಳಿಂದ 5 ಮಿಲಿಮೀಟರ್ ಇಳಿಸಿದರೂ ಹೃದಯಾಘಾತ, ಪಾರ್ಶ್ವವಾಯುಗಳಂಥ ಗಂಭೀರ ಘಟನೆಗಳು ಸುಮಾರು ಶೇಕಡ 10ರಷ್ಟು ಕಡಿಮೆಯಾಗುತ್ತವೆಂದು 2021ರಲ್ಲಿ ಪ್ರಕಟವಾದ ಬೃಹತ್ ವಿಶ್ಲೇಷಣೆಯೊಂದು ತೋರಿಸಿದೆ. ಆದರೆ ಆ ಲಾಭ ಮಾತ್ರೆಗಳನ್ನು ವರ್ಷಗಟ್ಟಲೆ ಸೇವಿಸಿದವರದ್ದು. ಚಹದ ಪ್ರಯೋಗಗಳು ವಾರಗಳಲ್ಲಿ ಮುಗಿದಿವೆ. ಕಟ್ಟುನಿಟ್ಟಿನ ಮಾನದಂಡಗಳಿಗೆ ಹೆಸರಾದ ಕಾಕ್ರೇನ್ ಸಂಸ್ಥೆ 2010ರಲ್ಲಿ ಒಪ್ಪತಕ್ಕ ಒಂದು ಪ್ರಯೋಗವನ್ನೂ ಕಾಣಲಿಲ್ಲ. 2021ರ ಪರಿಷ್ಕರಣೆಯಲ್ಲೂ ಅದರ ತೀರ್ಪು 'ಸಾಕ್ಷ್ಯ ಸಾಲದು' ಎಂದೇ.

ಉಳಿದ ಮೂರು ಹೇಳಿಕೆಗಳು

'ಬಿ.ಪಿ. ಮಾತ್ರೆಗೆ ಸಮಾನ' ಎಂಬ ಮಾತಿನ ಹಿಂದೆ 2004ರ ಮೆಕ್ಸಿಕೊದ ಪ್ರಯೋಗವಿದೆ. ದಿನಕ್ಕೆ 10 ಗ್ರಾಂ ಒಣ ಪುಷ್ಪಪತ್ರದ ಕಷಾಯವನ್ನು, ದಿನಕ್ಕೆರಡು ಬಾರಿ 25 ಮಿಲಿಗ್ರಾಂ ಕ್ಯಾಪ್ಟೊಪ್ರಿಲ್ ಮಾತ್ರೆಯೊಡನೆ ನಾಲ್ಕು ವಾರ ಹೋಲಿಸಿದರು. ಎರಡರ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಅಲ್ಲಿ ಹುಸಿಪಾನೀಯದ ಗುಂಪೇ ಇರಲಿಲ್ಲ. ತಾನಾಗಿಯೇ ಇಳಿಯುವ ಪಾಲೆಷ್ಟೆಂದು ತಿಳಿಯದೆ ಎರಡನ್ನೂ ಸಮ ಎನ್ನುವುದು ದುಡುಕು. ಇರಾನಿನಲ್ಲಿ 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 12 ದಿನ ಚಹ ಕುಡಿದವರ ಒತ್ತಡ ಇಳಿದಿತ್ತು. ನಿಲ್ಲಿಸಿದ ಮೂರೇ ದಿನಗಳಲ್ಲಿ ಮತ್ತೆ ಏರತೊಡಗಿತು. ಪರಿಣಾಮವಿದ್ದರೂ ಅದು ಗುಣಪಡಿಸುವಿಕೆಯಲ್ಲ, ಕುಡಿದಷ್ಟು ದಿನದ್ದು.

ಕೊಬ್ಬು, ಸಕ್ಕರೆಗಳನ್ನು 'ಕರಗಿಸುವ' ಮಾತಿಗೆ ಇಷ್ಟು ಆಧಾರವೂ ಇಲ್ಲ. ಕೊಲೆಸ್ಟರಾಲ್ ಕುರಿತ ಫಲಿತಾಂಶಗಳು ಒಂದರೊಡನೊಂದು ಹೊಂದುವುದಿಲ್ಲ. ಆಂಟಿಆಕ್ಸಿಡೆಂಟ್ ಎಂಬ ಪದವನ್ನು ಕರಪತ್ರ ಐದು ಕಡೆ ಬಳಸಿತ್ತು. ನಳಿಕೆಯಲ್ಲಿ ಆಂಥೊಸಯನಿನ್ನುಗಳು ಚುರುಕಾಗಿ ವರ್ತಿಸುವುದು ನಿಜ. ಆದರೆ ಕುಡಿದ ಆಂಥೊಸಯನಿನ್ನಿನ ಶೇಕಡ 0.02ಕ್ಕಿಂತ ಕಡಿಮೆ ಪಾಲು ಮೂಲರೂಪದಲ್ಲಿ ಮೂತ್ರದಲ್ಲಿ ಕಂಡುಬಂದದ್ದನ್ನು 2005ರ ಜರ್ಮನಿಯ ಅಧ್ಯಯನವೊಂದು ದಾಖಲಿಸಿದೆ. ಕರುಳಿನಲ್ಲಿ ಅವು ಬೇರೆ ಸಂಯುಕ್ತಗಳಾಗಿ ಒಡೆದು ಕೆಲಸ ಮಾಡಬಹುದು. ಆದರೆ ನಳಿಕೆಯ ಫಲಿತಾಂಶವೇ ದೇಹದ ಫಲಿತಾಂಶವಲ್ಲ.

'ಅಡ್ಡಪರಿಣಾಮವಿಲ್ಲ' ಎಂಬುದು ನಾಲ್ಕರಲ್ಲಿ ಅತ್ಯಂತ ಅಪಾಯಕಾರಿ. ಒತ್ತಡ ಇಳಿಸುವ ಗುಣ ನಿಜವಾದರೆ ಮಾತ್ರೆಯೊಡನೆ ಸೇರಿ ಅತಿಯಾಗಿ ಇಳಿಸಿ ತಲೆಸುತ್ತು ತರಲೂಬಹುದು. ಪ್ಯಾರಾಸಿಟಮಾಲ್, ಡೈಕ್ಲೊಫಿನಾಕ್ ಮಾತ್ರೆಗಳು ದೇಹದಿಂದ ಹೊರಹೋಗುವ ರೀತಿಯನ್ನು ಪುಂಡಿಯ ಪಾನೀಯ ಬದಲಿಸುವುದನ್ನು ನೈಜೀರಿಯದ ಸಂಶೋಧಕರು ಗುರುತಿಸಿದ್ದಾರೆ. ಹಿತ್ತಿಲ ದಾಸವಾಳದ ಸಾರ ಹೆಣ್ಣು ಇಲಿಗಳಲ್ಲಿ ಗರ್ಭ ನಿಲ್ಲುವುದಕ್ಕೆ ಅಡ್ಡಿಯಾಗುವುದನ್ನು ನಮ್ಮ ದೇಶದಲ್ಲೇ 1970ರ ದಶಕದಲ್ಲಿ ತೋರಿಸಲಾಗಿದೆ. ಮನುಷ್ಯರಿಗೆ ಅದು ಅನ್ವಯಿಸುತ್ತದೆಂದು ಸಿದ್ಧವಾಗಿಲ್ಲ. ಆದರೂ ಗರ್ಭಿಣಿಯರು, ಮಗುವನ್ನು ಬಯಸುವವರು ಇದರಿಂದ ದೂರವಿರುವುದು ಒಳ್ಳೆಯದು. ಹಿಟ್ಟು ತಿಗಣೆಗೆಂದು ಕೀಟನಾಶಕ ಹೊಡೆದ ಗಿಡದ ಹೂವನ್ನು ಲೋಟಕ್ಕೆ ಹಾಕಬಾರದೆಂದು ಬೇರೆ ಹೇಳಬೇಕಿಲ್ಲ.

ರಕ್ತದೊತ್ತಡ, ಮಧುಮೇಹ ಮುಂತಾದ ಕಾಯಿಲೆಗಳನ್ನು ವಾಸಿ ಮಾಡುತ್ತೇವೆಂದು ಔಷಧಿಗಳನ್ನು ಜಾಹೀರು ಮಾಡುವುದನ್ನು ನಿಷೇಧಿಸುವ ಕಾನೂನು ನಮ್ಮಲ್ಲಿ 1954ರಿಂದಲೇ ಇದೆ. ಆದರೆ ಕಾನೂನಿಗಿಂತ ಮೊದಲು ಕೆಲಸ ಮಾಡಬೇಕಾದದ್ದು ಓದುಗರ ಪ್ರಶ್ನೆ: ಯಾವ ಗಿಡ? ಯಾವ ಭಾಗ? ಎಷ್ಟು ಪ್ರಮಾಣ? ಎಂಥವರ ಮೇಲೆ ಪ್ರಯೋಗ? ಯಾವುದಕ್ಕೆ ಹೋಲಿಸಿ? ಈ ಐದಕ್ಕೆ ಉತ್ತರವಿಲ್ಲದ ಕರಪತ್ರ ಬರಿಯ ಕಾಗದ.

ಹಾಗಾದರೆ ಕುಡಿಯಬೇಕೆ?

ರುಚಿಗಾಗಿ ಕುಡಿಯುವವರು ಕುಡಿಯಲಿ. ಸಕ್ಕರೆ ತುಂಬಿದ ಬಾಟಲಿ ಪಾನೀಯಕ್ಕಿಂತ ಸಕ್ಕರೆಯಿಲ್ಲದ ಪುಂಡಿಯ ಚಹ ವಾಸಿ. ಅದರಲ್ಲಿ ಕೆಫೀನ್ ಇಲ್ಲ. ಹುಳಿಯಾದ್ದರಿಂದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಸಬಾರದು. ಒತ್ತಡ ತುಸು ಮಾತ್ರ ಹೆಚ್ಚಿರುವವರು ಉಪ್ಪು ಕಡಿಮೆ ಮಾಡಿ, ನಡಿಗೆ ಹೆಚ್ಚಿಸಿ, ಜೊತೆಗೆ ವೈದ್ಯರಿಗೆ ತಿಳಿಸಿ ಇದನ್ನೂ ಕುಡಿದರೆ ಆಕ್ಷೇಪವಿಲ್ಲ. ಮಾತ್ರೆ ಸೇವಿಸುವವರು ಚಹ ಸಿಕ್ಕಿತೆಂದು ಮಾತ್ರೆ ಬಿಡುವುದು ಮಾತ್ರ ಕೂಡದು. ಒತ್ತಡ ಏರಿದ್ದು ಬಹಳಷ್ಟು ಜನರಿಗೆ ಗೊತ್ತೇ ಆಗುವುದಿಲ್ಲ. ತಲೆನೋವಿಲ್ಲ, ಸುಸ್ತಿಲ್ಲ ಎಂದು ನಿಶ್ಚಿಂತರಾಗಿದ್ದವರಿಗೇ ಪಾರ್ಶ್ವವಾಯು ಹೊಡೆಯುವುದುಂಟು.

ಅಂದು ಸಂಜೆ ಭಾವನವರನ್ನು ಐದು ನಿಮಿಷ ಬೆನ್ನು ಆನಿಸಿ ಕೂರಿಸಿ, ಮಾತನಾಡಿಸದೆ, ತೋಳನ್ನು ಮೇಜಿನ ಮೇಲೆ ಹೃದಯದ ಮಟ್ಟಕ್ಕೆ ಇಟ್ಟು, ಒಂದೊಂದು ನಿಮಿಷ ಬಿಟ್ಟು ಮೂರು ಸಲ ನೋಡಿದೆವು. ಮೂರನ್ನೂ ಬರೆದೆವು. ಮೂರರಲ್ಲೂ ಮೇಲಿನ ಸಂಖ್ಯೆ 160ನ್ನು ದಾಟಿತ್ತು. ನೋಟುಪುಸ್ತಕದ ಒಂದು ಪುಟದಲ್ಲೂ ಅಂಥ ಸಂಖ್ಯೆ ಇರಲಿಲ್ಲ. ಭಾವನವರು ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿ, "ನಾಳೆ ಡಾಕ್ಟರ ಹತ್ರ ಹೋಗೋಣ, ನೀನೂ ಬಾ" ಎಂದರು. ಹೋದೆವು. ಮಾತ್ರೆ ಮತ್ತೆ ಶುರುವಾಯಿತು. ಈಗ ಆ ನೋಟುಪುಸ್ತಕದಲ್ಲಿ ಬರೆಯುವವಳು ಅಕ್ಕ. ಮೂರು ಸಲ ನೋಡಿದರೆ ಮೂರನ್ನೂ ಬರೆಯುತ್ತಾಳೆ. ದಾಸವಾಳದ ಹೂಗಳು ಮೊದಲಿನಂತೆ ದೇವರ ಮನೆಗೆ ಹೋಗುತ್ತಿವೆ.